ಒಬ್ಬನೇ ಹಚ್ಚುವ ಬೆಂಕಿ

ಲಿಂಕನ್, ನೆಬ್ರಾಸ್ಕಾ
ನವೆಂಬರ್ 19

ಪ್ರಿಯ ಅಣ್ಣ,

ಫೋನಿನಲ್ಲಿ ನೀನು ಹೂಂ, ಊಹೂಂ ಬಿಟ್ಟು ಮೂರನೆಯ ಮಾತಾಡುವುದಿಲ್ಲ. ಅದಕ್ಕೇ ಅಮ್ಮ ಮಾಡುತ್ತಿದ್ದ ಹಾಗೆ ಕಾಗದ ಬರೆಯಲು ಕೂತಿದ್ದೇನೆ. ಉತ್ತರ ಬರುವವರೆಗೆ ಬಿಡುವವಳಲ್ಲ, ತಿಳಿದಿರಲಿ.

ಏಪ್ರಿಲ್ ಮೊದಲ ಶನಿವಾರ ನಮ್ಮ ಕ್ಯಾನ್ಸಸ್ಸಿನಲ್ಲೇ ಒಂದು ಸೈಕಲ್ ರೇಸಿದೆ. ನೂರು ಮೈಲಿ, ಪೂರ್ತಿ ಜಲ್ಲಿ ರಸ್ತೆ. ನಾನು ಹೆಸರು ಕೊಟ್ಟಿದ್ದೇನೆ. ನಗಬೇಡ. ದಾರಿಯ ನಕ್ಷೆ ನೋಡಿ ನನಗೇ ನಗು ಬಂತು. ಎಪ್ಪತ್ತನೇ ಮೈಲಿಯ ಹತ್ತಿರ ಅದು ನಮ್ಮ ದಕ್ಷಿಣದ ಹುಲ್ಲುಗಾವಲಿನ ಬೇಲಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಶಾಲೆಯ ಬಸ್ಸಿಗೆ ಕಾಯುತ್ತ ಕಲ್ಲು ಒದೆಯುತ್ತಿದ್ದ ರಸ್ತೆಯಲ್ಲಿ ಈಗ ನಲವತ್ತೇಳನೇ ವಯಸ್ಸಿನಲ್ಲಿ ರೇಸು.

ಗಂಡನೆನಿಸಿಕೊಂಡ ರಾಸ್ ಮನೆ ಬಿಟ್ಟು ಹೋದ ಮೇಲೆ ನಾನು ಹೇಗಿದ್ದೆ ಎಂದು ನಿನಗೆ ಗೊತ್ತು. ದಂತವೈದ್ಯರ ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ದಿನವೆಲ್ಲ ನಗುಮುಖ ಹೊತ್ತು ಕೂತು, ಮನೆಗೆ ಬಂದು ಕೋಟೂ ಬಿಚ್ಚದೆ ಸೋಫಾದ ಮೇಲೆ ಬೀಳುತ್ತಿದ್ದೆ. ಈ ಸೈಕಲ್ ಸಿಗದಿದ್ದರೆ ಇನ್ನೂ ಅಲ್ಲೇ ಬಿದ್ದಿರುತ್ತಿದ್ದೆ. ಸೈಕಲ್ ಅಂಗಡಿಯ ಗಸ್ ಹೇಳುತ್ತಾನೆ: "ಈ ವಯಸ್ಸಲ್ಲಿ ಶುರು ಮಾಡೋರು ಅಂದ್ರೆ ಮೊಂಡರು ಕಣಮ್ಮಾ. ಜಲ್ಲಿ ರಸ್ತೇಲಿ ಕೊನೇತನಕ ಉಳಿಯೋರೂ ಮೊಂಡರೇ."

ಇಡೀ ಚಳಿಗಾಲ ತರಬೇತಿ. ನೆಲಮಾಳಿಗೆಯಲ್ಲಿ ಸೈಕಲ್ಲಿನ ಹಿಂದಿನ ಚಕ್ರವನ್ನು ಒಂದು ಸ್ಟ್ಯಾಂಡಿಗೆ ಸಿಗಿಸಿ ತುಳಿಯುತ್ತೇನೆ. ಎಷ್ಟು ತುಳಿದರೂ ಬಟ್ಟೆ ಒಗೆಯುವ ಮಷೀನಿನ ಮುಂದೆಯೇ ಇರುತ್ತೇನೆ. ಒಂದು ಫ್ಯಾನು, ಒಂದು ಟವೆಲ್ಲು, ಕೆಳಗೆ ಬೆವರಿನ ಮಡು. ನೀನು ನೋಡಿದರೆ ಪಾದ್ರಿಯನ್ನು ಕರೆಸುತ್ತೀಯ.

ನೀನು ಹೇಗಿದ್ದೀಯ? ಮಂಡಿ ನೋವು? ಬರೆ.

ನಿನ್ನ ತಂಗಿ,
ಟ್ವೈಲಾ


ಮನೆಯಿಂದ
ಡಿಸೆಂಬರ್ 6

ಟ್ವೈಲಾ,

ಕಾಗದ ತಲುಪಿತು. ಮಂಡಿ ಇದೆ, ನೋವೂ ಇದೆ.

ಎಲ್ಲಿಗೂ ಹೋಗದ ಸೈಕಲ್ಲಿನ ವಿಷಯ ಓದಿ ನಮ್ಮ ಕುದುರೆಗೂ ಹೇಳಿದೆ. ಅದು ಒಪ್ಪಲಿಲ್ಲ.

ಇಲ್ಲಿ ಆಗಸ್ಟಿನಿಂದ ಮಳೆಯಿಲ್ಲ, ಹಿಮವೂ ಇಲ್ಲ. ದಕ್ಷಿಣದ ಹುಲ್ಲುಗಾವಲಿನಲ್ಲಿ ಹುಲ್ಲು ಸೊಂಟದವರೆಗೆ ನಿಂತು ಒಣಗಿದೆ. ನಡೆದರೆ ಕಾಗದ ಹರಿದ ಸದ್ದು. ಹೋದ ವಸಂತದಲ್ಲಿ ಅರ್ಧ ಮಾತ್ರ ಸುಟ್ಟದ್ದು ನಿನಗೆ ನೆನಪಿರಬೇಕು. ಗಾಳಿ ತಿರುಗಿ, ನನ್ನ ಬೆಂಕಿ ರಸ್ತೆ ದಾಟಿ, ಪಕ್ಕದ ಹೊಲದ ಡೆಲ್ಬರ್ಟನ ಒಣಹುಲ್ಲಿನ ಸುರುಳಿಗಳೆಲ್ಲ ಹೋದವು. ಆಮೇಲೆ ಉಳಿದರ್ಧಕ್ಕೆ ಯಾರೂ ಬರಲಿಲ್ಲ. ಅದು ಈಗ ಎರಡು ವರ್ಷದ ಹುಲ್ಲು. ಈ ಸಲ ಸುಡದಿದ್ದರೆ ಹೊಸ ಚಿಗುರಿಲ್ಲ, ದನ ಬಿಡುವಂತಿಲ್ಲ.

ನಿನ್ನೆ ಸೇತುವೆಯ ಹತ್ತಿರ ಡೆಲ್ಬರ್ಟನ ಪಿಕಪ್ ಎದುರಾಯಿತು. ನಮಸ್ಕಾರಕ್ಕೆಂದು ಸ್ಟಿಯರಿಂಗ್ ಮೇಲಿಂದ ಬೆರಳೆತ್ತಲಿಲ್ಲ. ಮೂವತ್ತು ವರ್ಷದಲ್ಲಿ ಬೆರಳೆತ್ತದೆ ಹೋದವನಲ್ಲ. ನಾನೂ ಎತ್ತಲಿಲ್ಲ.

ನಿನ್ನ ರೇಸು ಏಪ್ರಿಲ್ ಮೊದಲ ಶನಿವಾರವೇ ಅಲ್ಲವೇ? ಸುಮ್ಮನೆ ಕೇಳಿದೆ.

ಆರ್ಲಿಸ್


ಲಿಂಕನ್
ಜನವರಿ 9

ಪ್ರಿಯ ಅಣ್ಣ,

ಹೊಸ ವರ್ಷದ ಶುಭಾಶಯ. ನಿನ್ನ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ನೀನು ಇಷ್ಟುದ್ದ ಬರೆದದ್ದು ಇದೇ ಮೊದಲು.

ಭಾನುವಾರಗಳಲ್ಲಿ ಹೊರಗೆ ಹೋಗುತ್ತೇನೆ. ಹೋದ ವಾರ ಉಗುಳಿದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವಷ್ಟು ಚಳಿ. ರೆಪ್ಪೆಗಳಿಗೆ ಮಂಜು ಅಂಟಿ ಎಡಗಣ್ಣು ತೆರೆಯಲಾಗದೆ ಅರ್ಧ ದಾರಿ ಒಂದೇ ಕಣ್ಣಿನಲ್ಲಿ ಬಂದೆ. ಕುಡಿಯುವ ನೀರಿನ ಬಾಟಲಿಯನ್ನು ಅಂಗಿಯೊಳಗೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕಲ್ಲು. ಜೇಬಿನಲ್ಲಿ ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ. ಹಲ್ಲಿನ ಆಸ್ಪತ್ರೆಯಲ್ಲಿ ನನಗೆ "ಆಲೂ ಟ್ವೈಲಾ" ಎಂದು ಹೆಸರಿಟ್ಟಿದ್ದಾರೆ.

ಆದರೆ ಅಣ್ಣ, ಮೊನ್ನೆ ಒಂದು ಏರು ಹತ್ತಿ ತುದಿಯಲ್ಲಿ ನಿಂತಾಗ ಸುತ್ತ ಬಿಳಿ ಹೊಲ, ಒಂದು ಸದ್ದಿಲ್ಲ. ಅಳು ಬಂತು. ದುಃಖಕ್ಕಲ್ಲ. ನನ್ನ ದೇಹ ನಾನು ಹೇಳಿದ ಮಾತು ಕೇಳಿತಲ್ಲ, ಅದಕ್ಕೆ. ಎಷ್ಟೋ ವರ್ಷದಿಂದ ಯಾರೂ ನನ್ನ ಮಾತು ಕೇಳಿರಲಿಲ್ಲ.

ಬೆಂಕಿಯ ಕೆಲಸ ನೆನಪಿದೆ. ಪ್ರತಿ ವರ್ಷ ನೀರಿನ ಗಾಡಿ ಓಡಿಸಿದವಳು ನಾನೇ ತಾನೇ? ನೀನು ಮುಂದೆ ಹಚ್ಚುತ್ತ ಹೋಗುವುದು, ನಾನು ಹಿಂದೆ ಅಂಚು ನೆನೆಸುತ್ತ ಬರುವುದು. ಈ ಸಲ ಮಾತ್ರ ರೇಸಿನ ದಿನ ಅದಕ್ಕೇ ಡಿಕ್ಕಿ ಹೊಡೆಯಿತು. ಡೆಲ್ಬರ್ಟನ ಜೊತೆ ಸರಿಹೋಗಿರುತ್ತದೆ ಬಿಡು, ಹುಲ್ಲಿಗಾಗಿ ಯಾರು ವರ್ಷವಿಡೀ ಮುನಿಸಿಕೊಂಡಿರುತ್ತಾರೆ. ನಾನಿಲ್ಲದಿದ್ದರೂ ಜನ ಇರುತ್ತಾರಲ್ಲ?

ಪ್ರೀತಿಯಿಂದ,
ಟ್ವೈಲಾ


ಮನೆಯಿಂದ
ಜನವರಿ 31

ಟ್ವೈಲಾ,

ಆ ಚಿಂತೆ ನಿನಗೆ ಬೇಡ.

ಮೇವಿನ ಅಂಗಡಿಯಲ್ಲಿ ಡೆಲ್ಬರ್ಟನ ಹೆಂಡತಿ ಓಪಲ್ ಸಿಕ್ಕಿದಳು. ಎಲ್ಲರ ಮುಂದೆ ಕೇಳಿದಳು: "ಆರ್ಲಿಸ್, ಈ ಸಲ ನಿನ್ ಜೊತೆ ಯಾರಿರ್ತಾರೆ?"

"ಇರ್ತಾರೆ," ಎಂದೆ.

"ಯಾರು?"

"ಯಾರೋ ಇರ್ತಾರೆ."

"ನಮ್ಮೋರ ಹತ್ರ ಒಂದು ಮಾತು ಕೇಳೋಕೇನು? ಬಾಯೇನು ಸವೆದುಹೋಗಲ್ಲ. ಅವ್ರೂ ಕಾಯ್ತಾನೇ ಇದಾರೆ, ನೀನು ಕೇಳ್ಲಿ ಅಂತ."

"ಮುಂದಿನ್ ವರ್ಷ ನನ್ನ ಕರೀಬೇಡ ಅಂದವನು ಅವನೇ ಕಣೇ ಓಪಲ್."

"ಹುಲ್ಲು ಉರೀತಿದ್ದಾಗ ಅಂದಿದ್ದು ಅದು. ಉರೀವಾಗ ಯಾರು ಏನ್ ಬೇಕಾದ್ರೂ ಅಂತಾರೆ," ಎಂದು ಅವಳು ತನ್ನ ಕೋಳಿ ಕಾಳಿನ ಚೀಲ ಎತ್ತಿಕೊಂಡು ಹೋದಳು. ಎತ್ತಲು ನಾನು ಕೈ ಕೊಡಲಿಲ್ಲ. ಕೊಡಬೇಕಿತ್ತು.

ನೀನೊಬ್ಬಳೇ ಅಲ್ಲ, ನಾನೂ ತರಬೇತಿ ಮಾಡುತ್ತಿದ್ದೇನೆ. ನೀರಿನ ಟ್ಯಾಂಕು ಪಿಕಪ್ಪಿನಲ್ಲಿ. ಪಂಪು ಓಡಿಸಿಟ್ಟು, ಬೈಕಿನಂಥ ಆ ನಾಲ್ಕು ಚಕ್ರದ ಗಾಡಿಯಲ್ಲಿ ಕೂತು, ಎಡಗೈಯಲ್ಲಿ ಹಿಡಿಕೆ, ಬಲಗೈಯಲ್ಲಿ ಬೆಂಕಿ ಸುರಿಯುವ ಕ್ಯಾನು. ಸ್ವಲ್ಪ ದೂರ ಹಚ್ಚುವುದು, ಇಳಿದು ಓಡಿ ಬಂದು ಪಿಕಪ್ಪನ್ನು ಮುಂದೆ ತರುವುದು, ನೆನೆಸುವುದು, ಮತ್ತೆ ಓಡುವುದು. ಮನೆಯ ಹಿಂದಿನ ಚರಂಡಿಯಂಚಿನಲ್ಲಿ ಮಾಡಿ ನೋಡಿದೆ. ಮೊದಲ ಸಲ ಹುಬ್ಬು ಸುಟ್ಟಿತು. ಎರಡನೇ ಸಲ ಪರವಾಗಿಲ್ಲ. ಮಂಡಿ ಒಪ್ಪಿದರೆ ಆಗುತ್ತದೆ.

ರಾತ್ರಿ ಗಾಳಿಗೆ ಕೊಟ್ಟಿಗೆಯ ಒಂದು ತಗಡು ಹಾರಿಹೋಯಿತು. ಬೆಳಿಗ್ಗೆ ಹುಡುಕಿದರೆ ಎಲ್ಲೂ ಸಿಗಲಿಲ್ಲ.

ಆರ್ಲಿಸ್


ಲಿಂಕನ್
ಫೆಬ್ರವರಿ 25

ಅಣ್ಣ,

ನಿನಗೆ ತಲೆ ಕೆಟ್ಟಿದೆಯೇ? ಒಬ್ಬನೇ ಬೆಂಕಿ ಹಚ್ಚುವುದೆಂದರೇನು? ಆ ಕಾಗದವನ್ನು ತಮಾಷೆ ಎಂದುಕೊಂಡು ಗಸ್‌ಗೆ ಓದಿ ಹೇಳಿದೆ. ಅವನು ನಗಲಿಲ್ಲ. "ನಿಮ್ಮಣ್ಣನಿಗೆ ಎಷ್ಟು ವಯಸ್ಸು?" ಎಂದ. ಅರವತ್ತೊಂದು ಎಂದೆ. ಅವನು ಟೈರು ಒರೆಸುವುದನ್ನು ಬಿಟ್ಟು, ಕಾಗದ ಇಸಿದುಕೊಂಡು ತಾನೇ ಇನ್ನೊಮ್ಮೆ ಓದಿದ.

ನಿನ್ನೆ ಇಲ್ಲಿ ಒಂದು ಸಣ್ಣ ರೇಸಿತ್ತು, ರೇಸುಗಳ ಕಾಲ ಶುರುವಾಗುವ ಮೊದಲಿನ ಕೈಪಳಗಿಸುವ ರೇಸು. ಯಾರೂ ದುರಸ್ತಿ ಮಾಡದ ಮಣ್ಣಿನ ದಾರಿಯಲ್ಲಿ ಮೂರು ಮೈಲಿ ಸೈಕಲ್ ಹೆಗಲ ಮೇಲೆ ಹೊತ್ತು ನಡೆದೆವು. ಕೆಸರು ಚಕ್ರಕ್ಕೆ ಮೆತ್ತಿ ತಿರುಗುವುದೇ ಇಲ್ಲ. ಆದರೂ ಮುಗಿಸಿದೆ, ಅರ್ಧಕ್ಕಿಂತ ಮುಂದೆ ಮುಗಿಸಿದೆ. ಕಾಲುಗಳಿಗೆ ಶಕ್ತಿ ಬಂದಿದೆ ಅಣ್ಣ. ಏಪ್ರಿಲ್‌ನಲ್ಲಿ ನನ್ನಿಂದ ಏನೋ ಆಗುತ್ತದೆ ಎಂದು ಮೊದಲ ಸಲ ಅನ್ನಿಸಿದೆ. ಅದೇ ಧೈರ್ಯದಲ್ಲಿ ಜೂನ್ ಮೊದಲ ವಾರದ ದೊಡ್ಡ ರೇಸಿಗೂ ಹೆಸರು ಕೊಟ್ಟಿದ್ದೇನೆ.

ಈಗ ಕೇಳು. ರೇಸು ಶನಿವಾರ. ಭಾನುವಾರ ಬೆಳಿಗ್ಗೆ ನಾನು ಅಲ್ಲಿರುತ್ತೇನೆ. ಇಬ್ಬರೂ ಸೇರಿ ಹಚ್ಚೋಣ. ಅಲ್ಲಿಯವರೆಗೆ ಬೆಂಕಿಕಡ್ಡಿ ಮುಟ್ಟಬೇಡ.

ಅದಕ್ಕಿಂತ ಮೊದಲೇ ಬೇಕೆಂದರೆ ಹೇಳು. ರೇಸು ಬಿಟ್ಟು ಬರುತ್ತೇನೆ. ನಿಜವಾಗಿ ಹೇಳುತ್ತಿದ್ದೇನೆ. ನೀನು ಬಾ ಎಂದರೆ ಬರುತ್ತೇನೆ.

ಟ್ವೈಲಾ


ಮನೆಯಿಂದ
ಮಾರ್ಚ್ 17

ಟ್ವೈಲಾ,

ರೇಸು ಬಿಡಬೇಡ. ಭಾನುವಾರ ಬಾ, ಸಾಕು.

ಗಾಳಿ ಒಪ್ಪಿದರೆ ಭಾನುವಾರದವರೆಗೆ ತಡೆಯುತ್ತೇನೆ. ಮೇಯಲು ಬರುವ ಟೆಕ್ಸಸ್ ದನಗಳ ಲಾರಿಗಳು ಏಪ್ರಿಲ್ ಮಧ್ಯಕ್ಕೇ ಬರುತ್ತವೆ. ಅಷ್ಟರಲ್ಲಿ ಚಿಗುರು ಕಾಣಬೇಕು. ಈ ವರ್ಷ ಬೆಂಕಿಗೆ ಒಳ್ಳೆಯ ದಿನಗಳೇ ಇಲ್ಲ. ಒಂದು ದಿನ ಗಾಳಿಯೇ ಇಲ್ಲ, ಮರುದಿನ ಟೋಪಿ ಹಾರುವಷ್ಟು.

ಪಶ್ಚಿಮದ ಕಡೆ ಯಾರದೋ ಬೆಂಕಿ ಕೈತಪ್ಪಿ ಮೂರು ದಿನ ಉರಿಯಿತಂತೆ. ಹೊಗೆ ಇಲ್ಲಿಯವರೆಗೆ ಬಂತು. ಮಧ್ಯಾಹ್ನ ಸೂರ್ಯ ತಾಮ್ರದ ಬಿಲ್ಲೆಯ ಹಾಗಿದ್ದ. ದನಗಳು ಬೇಲಿಯ ಮೂಲೆಯಲ್ಲಿ ಒತ್ತಾಗಿ ನಿಂತು ಆ ಕಡೆಗೇ ಮುಖ ಮಾಡಿದ್ದವು. ಮೇವು ಹಾಕಿದರೂ ಬರಲಿಲ್ಲ.

ನಿಮ್ಮ ರೇಸಿನವರು ಮನೆಮನೆಗೆ ಬಂದಿದ್ದರು. ಆ ಶನಿವಾರ ಮಧ್ಯಾಹ್ನದವರೆಗೆ ರಸ್ತೆಯ ಪಕ್ಕ ಯಾರೂ ಬೆಂಕಿ ಹಚ್ಚಬೇಡಿ ಎಂದು ಕೇಳಿಕೊಂಡರು. ಒಬ್ಬ ಗಡ್ಡದವನು, ಒಳ್ಳೆಯ ಹುಡುಗ. ನನ್ನ ತಂಗಿಯೂ ಓಡಿಸುತ್ತಾಳೆ ಎಂದೆ. "ಹೌದಾ ಸರ್, ಹೆಸರೇನು?" ಎಂದು ಕೇಳಿ ಬರೆದುಕೊಂಡ. ಅವನಿಗೆ ಕಾಫಿ ಕೊಟ್ಟೆ.

ಪಂಪು ಒಮ್ಮೊಮ್ಮೆ ಕೈಕೊಡುತ್ತದೆ. ಬಿಚ್ಚಿ ಸರಿಮಾಡಿದ್ದೇನೆ.

ಚೆನ್ನಾಗಿ ಓಡಿಸು.

ಆರ್ಲಿಸ್


ರೇಸಿನ ಊರು, ಮೋಟೆಲ್
ಏಪ್ರಿಲ್ 7, ಸಂಜೆ

ಪ್ರಿಯ ಅಣ್ಣ,

ನಾಳೆ ಬೆಳಿಗ್ಗೆ ನಿನ್ನ ಮನೆಯಲ್ಲೇ ಇರುತ್ತೇನೆ, ಆದರೂ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಿದರೆ ನೀನು ಅರ್ಧ ಕೇಳಿ ದನ ನೋಡಲು ಎದ್ದು ಹೋಗುತ್ತೀಯ. ಕಾಗದವಾದರೆ ಪೂರ್ತಿ ಓದುತ್ತೀಯ. ಕೆಳಗಿನ ಅಂಚೆ ಪೆಟ್ಟಿಗೆಗೆ ಹಾಕಿ ಬರುತ್ತೇನೆ. ನಾನು ವಾಪಸು ಹೋದ ಮೇಲೆ ನಿನ್ನ ಕೈಗೆ ಬರಲಿ.

ಮೂರನೆಯವಳಾಗಿ ಬಂದೆ. ನನ್ನ ವಯಸ್ಸಿನ ಹೆಂಗಸರಲ್ಲಿ ಮೂರನೇ ಸ್ಥಾನ. ಬಹುಮಾನ ಒಂದು ಉಪ್ಪಿನಕಾಯಿ ಜಾಡಿ. ಸೌತೆಕಾಯಿಯದು.

ಬೆಳಿಗ್ಗೆ ಹೊಲದ ಮೇಲೆಲ್ಲ ಮಂಜು, ಇನ್ನೂರು ಜನ ಹಲ್ಲು ಕಟಕಟಿಸುತ್ತ ನಿಂತಿದ್ದೆವು. ಮೊದಲ ನಲವತ್ತು ಮೈಲಿ ಹಾಯಾಗಿತ್ತು. ಆಮೇಲೆ ಎದುರುಗಾಳಿ ಹಿಡಿಯಿತು. ಐವತ್ತೈದನೇ ಮೈಲಿಯಲ್ಲಿ ನಮ್ಮೂರ ಚಕಮಕಿ ಕಲ್ಲು ಟೈರನ್ನು ಕತ್ತಿ ಹಾಕಿದ ಹಾಗೆ ಸೀಳಿತು. ಇಲ್ಲಿ ಯಾರ ಸಹಾಯವನ್ನೂ ತೆಗೆದುಕೊಳ್ಳುವಂತಿಲ್ಲ, ಗಾಡಿ ಹತ್ತಿದರೆ ರೇಸಿನಿಂದ ಹೊರಗೆ. ಒಂದು ಡಾಲರ್ ನೋಟು ಮಡಚಿ ಸೀಳಿನೊಳಗೆ ಇಟ್ಟು, ಟ್ಯೂಬು ಹಾಕಿ ಹೊರಟೆ. ಬೆರಳುಗಳಿಗೆ ಚಳಿ ಹಿಡಿದು ಅರ್ಧ ಗಂಟೆಯ ಮೇಲೆ ಹೋಯಿತು. ಹಾಗಾಗಿ ನಮ್ಮ ಹುಲ್ಲುಗಾವಲಿಗೆ ಬರುವಾಗ ಮಧ್ಯಾಹ್ನ ದಾಟಿತ್ತು.

ನೀನು ಭಾನುವಾರದವರೆಗೆ ತಡೆಯಲಿಲ್ಲ, ಕಳ್ಳ. ದೂರದಿಂದಲೇ ಹೊಗೆ ಕಂಡಿತು. ಮುಂದಿದ್ದ ನಗರದ ಹುಡುಗರು ಸೈಕಲ್ ನಿಲ್ಲಿಸಿ ಹೆದರಿ ನೋಡುತ್ತಿದ್ದರು. "ಏನಿದು ಮೇಡಂ, ಹೋಗ್ಬಹುದಾ?" ಎಂದು ಕೇಳಿದರು. "ಇದು ನಮ್ಮನೇ ಹೊಗೆ ಕಣ್ರೋ, ಉಸಿರು ಬಿಗಿ ಹಿಡ್ಕೊಂಡು ನನ್ ಹಿಂದೆ ಬನ್ನಿ," ಎಂದು ನುಗ್ಗಿದೆ. ಹತ್ತು ವರ್ಷದವಳಿದ್ದಾಗಿನಿಂದ ಆ ಹೊಗೆಯಲ್ಲಿ ಬೆಳೆದವಳು ನಾನು. ರಸ್ತೆಯ ಪಕ್ಕದ ಪಟ್ಟಿ ಆಗಲೇ ಸುಟ್ಟು ಕಪ್ಪಾಗಿತ್ತು, ಉರಿ ಆಚೆ ದಿಬ್ಬದ ಕಡೆಗೆ ಹೋಗುತ್ತಿತ್ತು. ಕೆಲಸ ಚೊಕ್ಕವಾಗಿತ್ತು.

ಗೇಟಿನ ಹತ್ತಿರ ನಿನ್ನ ಪಿಕಪ್ ನಿಂತಿತ್ತು. ಪಂಪು ಓಡುತ್ತಿತ್ತು, ಪೈಪು ನೆಲದ ಮೇಲೆ ಬಿದ್ದು ನೀರು ರಸ್ತೆಗೆ ಹರಿಯುತ್ತಿತ್ತು. ಯಾರೂ ಕಾಣಲಿಲ್ಲ. ಒಂದು ಗಳಿಗೆ ಬೆರಳು ಬ್ರೇಕಿನ ಮೇಲೆ ಹೋಯಿತು. ಆಮೇಲೆ ಅಂದುಕೊಂಡೆ, ಒಬ್ಬನೇ ಇದ್ದಿದ್ದರೆ ಪಂಪು ಓಡುತ್ತಿರುವಾಗ ಬಿಟ್ಟು ಹೋಗುವವನಲ್ಲ ನೀನು. ಜೊತೆಗೆ ಯಾರೋ ಇದ್ದಾರೆ. ಕೊನೆಗೂ ಡೆಲ್ಬರ್ಟ್ ಬಂದಿದ್ದಾನೆ. ಎದೆ ಎಷ್ಟು ಹಗುರವಾಯಿತು ಗೊತ್ತೇ? ಆ ಹಗುರದಲ್ಲೇ ಮುಂದಿದ್ದ ಹಸಿರು ಅಂಗಿಯ ಹೆಂಗಸನ್ನು ಹಿಡಿದು ದಾಟಿದೆ. ಆ ಮೂರನೇ ಸ್ಥಾನ ಅಲ್ಲೇ ಸಿಕ್ಕಿದ್ದು.

ಸಂಜೆಯಿಂದ ನಿನಗೆ ಫೋನು ಮಾಡುತ್ತಿದ್ದೇನೆ, ಎತ್ತುತ್ತಿಲ್ಲ. ಓಪಲ್ ಮಾಡಿದ ಊಟಕ್ಕೆ ಎಲ್ಲರೂ ಕೂತಿರಬೇಕು. ನನಗೂ ಒಂದು ಪಾಲು ತೆಗೆದಿಟ್ಟಿರುತ್ತಾಳೆ.

ನಿನ್ನ ಮೂರನೇ ಸ್ಥಾನದ ತಂಗಿ,
ಟ್ವೈಲಾ


ವಿಚಿಟಾ, ಆಸ್ಪತ್ರೆ
ಮೇ 3

ಟ್ವೈಲಾ,

ಇದನ್ನು ಡೆಲ್ಬರ್ಟ್ ಬರೆಯುತ್ತಿದ್ದಾನೆ. ಮಾತು ನನ್ನದು, ಕೆಟ್ಟ ಅಕ್ಷರ ಅವನದು. ಅವನಿಗೆ ಇದು ಬೇಡವೆನಿಸಿದರೂ ಒಂದು ಪದ ಬಿಡದೆ ಬರೆಯಬೇಕೆಂದು ಮಾತು ತೆಗೆದುಕೊಂಡಿದ್ದೇನೆ.

ನಿನ್ನೆ ಅವನು ನನ್ನ ಅಂಚೆ ಪೆಟ್ಟಿಗೆ ಖಾಲಿ ಮಾಡಿ ಎಲ್ಲವನ್ನೂ ತಂದ. ಅದರಲ್ಲಿ ನಿನ್ನ ಏಪ್ರಿಲ್ ಏಳರ ಕಾಗದವಿತ್ತು. ಓದಿ ಹೇಳು ಎಂದೆ. ಪಿಕಪ್ಪಿನ ವಿಷಯ ಬಂದಾಗ ನಿಲ್ಲಿಸಿದ. "ಮುಂದೆ ಓದ್ಲೇನೋ?" ಎಂದ. ಓದು ಎಂದೆ.

ನೀನು ಹನ್ನೊಂದು ದಿನ ಈ ಕುರ್ಚಿಯಲ್ಲಿ ಕೂತಿದ್ದೆ. ನನಗೆ ಚಮಚದಲ್ಲಿ ಗಂಜಿ ತಿನ್ನಿಸಿದೆ. ರೇಸಿನ ಮಾತೇ ಎತ್ತಲಿಲ್ಲ. ನಾನು ಮಲಗಿದ್ದೇನೆ ಎಂದುಕೊಂಡು ಕಿಟಕಿಯ ಕಡೆ ತಿರುಗಿ ಅಳುತ್ತಿದ್ದೆ. ಏಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅದು ಸರಿಯಲ್ಲ. ಅದಕ್ಕೇ ಇದನ್ನು ಬರೆಸುತ್ತಿದ್ದೇನೆ.

ಆವತ್ತು ಗಾಳಿ ಚೆನ್ನಾಗಿತ್ತು. ಆ ರಾತ್ರಿಯಿಂದ ವಾರವಿಡೀ ಬಿರುಗಾಳಿ ಎಂದು ರೇಡಿಯೋದಲ್ಲಿ ಹೇಳಿದರು. ಭಾನುವಾರ ಆಗುತ್ತಿರಲಿಲ್ಲ. ಮಧ್ಯಾಹ್ನದವರೆಗೆ ಕಾದೆ. ಸೈಕಲ್ಲಿನವರು ಬಹಳ ಜನ ದಾಟಿ ಹೋದರು. ನೀನೂ ಹೋಗಿರುತ್ತೀಯ ಎಂದುಕೊಂಡು ಹಚ್ಚಿದೆ. ರಸ್ತೆಯಂಚು ಸುಟ್ಟದ್ದಾಯಿತು. ಪಿಕಪ್ ಮುಂದೆ ತರಬೇಕೆಂದು ತಿರುಗಿಸುವಾಗ ನಾಲ್ಕು ಚಕ್ರದ ಗಾಡಿ ಹಳ್ಳಕ್ಕೆ ಉರುಳಿ ನನ್ನ ಕಾಲಿನ ಮೇಲೆ ಬಿತ್ತು. ಬಿದ್ದದ್ದು ಸುಟ್ಟ ನೆಲದಲ್ಲಿ. ಸುಟ್ಟ ನೆಲ ಮತ್ತೆ ಉರಿಯುವುದಿಲ್ಲ, ಹಾಗಾಗಿ ಹೆದರಿಕೆ ಆಗಲಿಲ್ಲ. ನಿಧಾನವಾಗಿ ಎಳೆದುಕೊಂಡರಾಯಿತು ಎಂದುಕೊಂಡೆ. ಒಣಗಿದ ಸಗಣಿ ಒಳಗೊಳಗೇ ಕೆಂಡವಾಗಿರುತ್ತದೆ ಎಂಬುದು ಇಲ್ಲಿ ಮಗುವಿಗೂ ಗೊತ್ತು. ಗಾಡಿಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದೆ ಎಂಬುದು ಮಾತ್ರ ನನಗೆ ಗೊತ್ತಾಗಲಿಲ್ಲ.

ಪೆಟ್ರೋಲ್ ಹತ್ತಿಕೊಂಡು ನನ್ನ ಕೈಗಳು ಸುಟ್ಟದ್ದು ಆಮೇಲೆ. ಅದಕ್ಕೂ ಮೊದಲು, ಟ್ವೈಲಾ, ನೀನು ಹೋದೆ.

ನಾನು ನಿನ್ನನ್ನು ನೋಡಿದೆ. ಹೊಗೆಯ ನಡುವೆ, ನಮ್ಮ ಮನೆಯಿಂದ ಕೊಟ್ಟಿಗೆಗೆ ಇರುವಷ್ಟು ದೂರದಲ್ಲಿ. ಹಿಂದೆ ಇಬ್ಬರು ಹುಡುಗರು. ನೀನು ತಲೆ ತಗ್ಗಿಸಿ ತುಳಿಯುತ್ತಿದ್ದೆ. ಅಷ್ಟು ಚೆನ್ನಾಗಿ ಓಡಿಸುತ್ತೀಯ ಎಂದು ನನಗೆ ಗೊತ್ತಿರಲಿಲ್ಲ. ಪಿಕಪ್ಪಿನ ಹತ್ತಿರ ನೀನು ನಿಧಾನ ಮಾಡಿದ್ದೂ ಕಂಡಿತು.

ಪಂಪಿನ ಸದ್ದಿತ್ತು, ನಿಜ. ಆದರೂ ಕೂಗಿದ್ದರೆ ನಿನಗೆ ಕೇಳಿಸುತ್ತಿತ್ತು. ನಾನು ಕೂಗಲಿಲ್ಲ. ಬಾಯಿ ತೆರೆದು ಮುಚ್ಚಿದೆ. ಈಗ ಕರೆದರೆ ಇವಳ ಚಳಿಗಾಲವೆಲ್ಲ ಮಣ್ಣುಪಾಲು ಎಂದುಕೊಂಡೆ. ನಾನೇ ಎದ್ದುಬಿಡುತ್ತೇನೆ ಎಂದುಕೊಂಡೆ. ಆದರೆ ಅದೂ ಪೂರ್ತಿ ನಿಜವಲ್ಲ. ನಾಲ್ಕು ತಿಂಗಳು ಕಾಗದದಲ್ಲಿ ಕೇಳಲಾಗದ್ದು ಆ ಗಳಿಗೆಯಲ್ಲಿ ಬಾಯಿಗೆ ಬರಲಿಲ್ಲ, ಅಷ್ಟೇ. ನಿನ್ನದೇನೂ ತಪ್ಪಿಲ್ಲ. ಹೊಗೆಯಲ್ಲಿ ನೀನು ನಿಲ್ಲಲಿಲ್ಲ ಎಂದು ಅಳುವುದನ್ನು ಬಿಡು.

ಹೊಗೆ ಕಪ್ಪಗಾದದ್ದನ್ನು ಡೆಲ್ಬರ್ಟ್ ತನ್ನ ಅಂಗಳದಿಂದ ನೋಡಿದನಂತೆ. "ಹುಲ್ಲಿನ ಹೊಗೆ ಕಪ್ಪಗಾಗಲ್ಲ ಕಣೋ, ಅದಕ್ಕೇ ಓಡಿ ಬಂದೆ," ಎಂದ. ನಾನು ಕರೆದಿರಲಿಲ್ಲ. ಅವನು ಬಂದ. ಇದನ್ನು ಬರೆಯುವಾಗ ಮೂಗು ಒರೆಸಿಕೊಳ್ಳುತ್ತಿದ್ದಾನೆ, ಅದನ್ನೂ ಬರೆ ಎಂದು ಹೇಳಿದ್ದೇನೆ.

ಬಲಗೈಯ ಮೂರು ಬೆರಳು ಮೊನ್ನೆ ತೆಗೆದರು. ಎಡಗೈ ಉಳಿಯುತ್ತದೆಯೋ ಇಲ್ಲವೋ ಇನ್ನೂ ಹೇಳುತ್ತಿಲ್ಲ. ಡಾಕ್ಟರು ಬೆಳಿಗ್ಗೆ ಬಂದು ನೋಡುತ್ತಾರೆ, ನರ್ಸಿನ ಮುಖ ನೋಡುತ್ತಾರೆ, ನನ್ನ ಮುಖ ನೋಡುವುದಿಲ್ಲ. ಜ್ವರ ಬಂದು ಹೋಗಿ ಮಾಡುತ್ತಿದೆ. ಎಲ್ಲ ಸರಿಯಾದರೆ ಜೂನ್ ಮೊದಲ ವಾರ ಮನೆಗೆ ಕಳಿಸುತ್ತಾರಂತೆ. ಅಂಗಿಯ ಗುಂಡಿ ಹಾಕಲಾಗುವುದಿಲ್ಲ. ಚಮಚ ಹಿಡಿಯಲಾಗುವುದಿಲ್ಲ. ಬಾಗಿಲು ತೆಗೆಯಲಾಗುವುದಿಲ್ಲ.

ನಿನಗೆ ಆ ವಾರ ದೊಡ್ಡ ರೇಸಿದೆ ಎಂದು ಗೊತ್ತು. ಇರಲಿ. ನನಗೆ ನೀನು ಬೇಕು, ಟ್ವೈಲಾ. ಬಾ.

ಆರ್ಲಿಸ್
(ಕೈ: ಡೆಲ್ಬರ್ಟ್)